ಆಸಿಲೋಸ್ಕೋಪ್ ಪರದೆಯ ಮೇಲೆ 1958ರ ಟೆನ್ನಿಸ್: ನೀವೇ ಕಟ್ಟಿ ಆಡುವುದು ಹೇಗೆ

ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ಬೆಳಕಿನ ಗೆರೆಯಾಗಿ ತೋರಿಸುವ ಹಳೆಯ ಆಸಿಲೋಸ್ಕೋಪ್ ಕೈಗೆ ಸಿಕ್ಕವರು ಬಹಳ ಮಂದಿ ಒಂದೇ ಪ್ರಶ್ನೆ ಕೇಳುತ್ತಾರೆ: "ಅಮೆರಿಕದ ಯಾವುದೋ ಪ್ರಯೋಗಾಲಯದಲ್ಲಿ ಇದರ ಮೇಲೆ ಟೆನ್ನಿಸ್ ಆಡಿಸಿದ್ದರಂತೆ, ಅದನ್ನು ಮನೆಯಲ್ಲಿ ಮಾಡೋಕಾಗುತ್ತಾ?" ಖಂಡಿತ ಆಗುತ್ತದೆ. ಬ್ರೆಡ್‌ಬೋರ್ಡ್ ಮೇಲೆ ಸರ್ಕ್ಯೂಟ್ ಜೋಡಿಸಿ, ಮಲ್ಟಿಮೀಟರ್ ಹಿಡಿದು ಅಳೆದ ಅನುಭವ ಇದ್ದರೆ ಸಾಕು.

ಮೊದಲು ಮೂಲ ಆಟದ ವಿಷಯ. ನ್ಯೂಯಾರ್ಕ್ ರಾಜ್ಯದ ಲಾಂಗ್ ಐಲ್ಯಾಂಡಿನಲ್ಲಿರುವ ಬ್ರೂಕ್‌ಹೇವನ್ ರಾಷ್ಟ್ರೀಯ ಪ್ರಯೋಗಾಲಯ ವರ್ಷಕ್ಕೊಮ್ಮೆ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತಿತ್ತು. ಅಲ್ಲಿನ ಉಪಕರಣ ವಿಭಾಗದ ಮುಖ್ಯಸ್ಥ ವಿಲಿಯಂ ಹಿಗಿನ್‌ಬೋಥಮ್ ಅವರಿಗೆ, ಗೋಡೆಗೆ ನೇತುಹಾಕಿದ ಚಿತ್ರಗಳನ್ನು ನೋಡಿ ಜನ ಸುಮ್ಮನೆ ಮುಂದೆ ಹೋಗುವುದು ಸರಿ ಕಾಣಲಿಲ್ಲ. ವಿಭಾಗದಲ್ಲಿ ಡಾನರ್ ಕಂಪನಿಯ ಒಂದು ಅನಲಾಗ್ ಕಂಪ್ಯೂಟರ್ ಇತ್ತು, ಅಂದರೆ ಅಂಕಿಗಳ ಬದಲು ವೋಲ್ಟೇಜಿನಿಂದಲೇ ಲೆಕ್ಕ ಮಾಡುವ ಯಂತ್ರ. ಗುಂಡಿನ ಪಥವನ್ನೋ ಪುಟಿಯುವ ಚೆಂಡಿನ ಪಥವನ್ನೋ ಅದರಿಂದ ಪರದೆಯ ಮೇಲೆ ಮೂಡಿಸುವುದು ಹೇಗೆಂದು ಅದರ ಕೈಪಿಡಿಯಲ್ಲೇ ಬರೆದಿತ್ತು. ಅಷ್ಟು ಸುಳಿವು ಅವರಿಗೆ ಸಾಕಾಯಿತು. ಕೆಲವೇ ಗಂಟೆಗಳಲ್ಲಿ ನಕ್ಷೆ ಬರೆದರು, ತಂತ್ರಜ್ಞ ರಾಬರ್ಟ್ ಡ್ವೊರಾಕ್ ಸುಮಾರು ಎರಡು ವಾರಗಳಲ್ಲಿ ಕಟ್ಟಿ ಮುಗಿಸಿದರು. 1958ರ ಅಕ್ಟೋಬರ್ 18ರಂದು ಐದು ಇಂಚಿನ ಪರದೆಯ ಮುಂದೆ ಜನ ಸಾಲುಗಟ್ಟಿ ನಿಂತು ಆಡಿದರು. ಅದರ ಹೆಸರು 'ಟೆನ್ನಿಸ್ ಫಾರ್ ಟೂ'.

"ಇದೇ ಜಗತ್ತಿನ ಮೊದಲ ವಿಡಿಯೋ ಗೇಮಾ?" ಎಂದೂ ಕೇಳುತ್ತಾರೆ. ಅಲ್ಲ. 1947ರಲ್ಲೇ ಥಾಮಸ್ ಗೋಲ್ಡ್‌ಸ್ಮಿತ್ ಮತ್ತು ಎಸ್ಟಲ್ ರೇ ಮ್ಯಾನ್ ಕ್ಯಾಥೋಡ್ ರೇ ಟ್ಯೂಬಿನ ಮೇಲೆ ಗುರಿ ಹೊಡೆಯುವ ಒಂದು ಆಟಕ್ಕೆ ಪೇಟೆಂಟ್ ಅರ್ಜಿ ಹಾಕಿದ್ದರು. 1952ರಲ್ಲಿ ಕೇಂಬ್ರಿಡ್ಜಿನ ಎಡ್ಸ್ಯಾಕ್ ಕಂಪ್ಯೂಟರಿನಲ್ಲಿ ಸ್ಯಾಂಡಿ ಡಗ್ಲಸ್ ಸೊನ್ನೆ-ಕಾಟು ಆಟ ಬರೆದಿದ್ದರು. ಬ್ರೂಕ್‌ಹೇವನ್ ಆಟದ ಹೆಚ್ಚುಗಾರಿಕೆಯೇ ಬೇರೆ. ಯಾವ ಸಂಶೋಧನೆಗೂ ಪ್ರಯೋಗಕ್ಕೂ ಅಲ್ಲ, ಬಂದವರು ಖುಷಿಪಡಲಿ ಎಂದೇ ಅದನ್ನು ಮಾಡಿದರು. ಹಿಗಿನ್‌ಬೋಥಮ್ ಪೇಟೆಂಟನ್ನೂ ಪಡೆಯಲಿಲ್ಲ. 1959ರಲ್ಲಿ ದೊಡ್ಡ ಪರದೆಯಲ್ಲಿ ಇನ್ನೊಮ್ಮೆ ಆಡಿಸಿದ ಮೇಲೆ ಬಿಚ್ಚಿ, ಭಾಗಗಳನ್ನು ಬೇರೆ ಕೆಲಸಕ್ಕೆ ಬಳಸಿಕೊಂಡರು. ಪ್ರಯೋಗಾಲಯಕ್ಕೆ ಐವತ್ತು ವರ್ಷ ತುಂಬಿದ 1997ರಲ್ಲಿ ಅಲ್ಲಿನವರೇ ಹಳೆಯ ನಕ್ಷೆಗಳನ್ನು ಹುಡುಕಿ ತೆಗೆದು ಮತ್ತೆ ಕಟ್ಟಿದರು.

ಕಟ್ಟುವ ಮುಂಚೆ ತಿಳಿದಿರಬೇಕಾದ್ದು

ಮೈಕ್ರೋಕಂಟ್ರೋಲರಿಗೆ ನೂರು ಸಾಲಿನ ಪ್ರೋಗ್ರಾಂ ಬರೆದರೂ ಪರದೆಯ ಮೇಲೆ ಇದೇ ಚಿತ್ರ ಬರುತ್ತದೆ. ಆ ದಾರಿ ಸುಲಭ. ಆದರೆ ಮೂಲ ಆಟದಲ್ಲಿ ಪ್ರೋಗ್ರಾಮೇ ಇರಲಿಲ್ಲ. ಒಂದು ತಂತಿಯಲ್ಲಿರುವ ವೋಲ್ಟೇಜೇ ಚೆಂಡಿನ ಎತ್ತರ, ಇನ್ನೊಂದರ ವೋಲ್ಟೇಜು ಚೆಂಡಿನ ವೇಗ. ಕೆಪಾಸಿಟರ್ ತುಂಬುವುದು, ಖಾಲಿಯಾಗುವುದೇ ಅಲ್ಲಿ ಬೀಳುವುದು, ಏಳುವುದು. ಈ ಆಟವನ್ನು ಮತ್ತೆ ಕಟ್ಟಬೇಕೆನ್ನುವವರು ಆ ರುಚಿ ಬಿಟ್ಟುಕೊಡಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹಾಗಾಗಿ ಇಲ್ಲಿ ಪೂರ್ತಿ ಅನಲಾಗ್ ದಾರಿಯನ್ನೇ ಹೇಳುತ್ತೇನೆ. ನಿರ್ವಾತ ಕೊಳವೆಗಳ ಬದಲು ಇಂದಿನ ಐಸಿ ಬಳಸುತ್ತೇವೆ, ಸರ್ಕ್ಯೂಟನ್ನೂ ಅದಕ್ಕೆ ತಕ್ಕಂತೆ ಸರಳ ಮಾಡಿದ್ದೇನೆ. ತತ್ವ ಮಾತ್ರ ಅದೇ.

ಮುಂದೆ ಬರುವ ಮಾತುಗಳು ನಾಲ್ಕೇ. ಆಪ್‌ಆಂಪ್ ಎಂದರೆ ತನ್ನ ಎರಡು ಇನ್‌ಪುಟ್‌ಗಳ ನಡುವಿನ ಚಿಕ್ಕ ವ್ಯತ್ಯಾಸವನ್ನು ಬಹಳ ದೊಡ್ಡದು ಮಾಡುವ ಐಸಿ. ಅದರ ಔಟ್‌ಪುಟ್‌ನಿಂದ ಮೈನಸ್ ಇನ್‌ಪುಟ್‌ಗೆ ಕೆಪಾಸಿಟರ್ ಹಾಕಿ, ಪ್ಲಸ್ ಇನ್‌ಪುಟ್ಟನ್ನು ಗ್ರೌಂಡಿಗೆ ಕಟ್ಟಿದರೆ ಅದು ಇಂಟಿಗ್ರೇಟರ್, ಅಂದರೆ ಬಂದ ವೋಲ್ಟೇಜನ್ನು ಹೊತ್ತು ಕಳೆದಂತೆ ಕೂಡಿಸುತ್ತಾ, ಚಿಹ್ನೆ ತಿರುಗಿಸಿ ಹೊರಗೆ ಕೊಡುವ ಭಾಗ. ಆ ಮೈನಸ್ ಇನ್‌ಪುಟ್ಟನ್ನು ಕೂಡುಬಿಂದು ಎಂದು ಕರೆಯುತ್ತೇನೆ. ಎಕ್ಸ್-ವೈ ಮೋಡ್ ಎಂದರೆ ಸ್ಕೋಪ್ ಸಮಯವನ್ನು ಮರೆತು, ಒಂದು ಚಾನೆಲ್ಲಿನಿಂದ ಬಿಂದುವನ್ನು ಅಡ್ಡಕ್ಕೂ ಇನ್ನೊಂದರಿಂದ ಉದ್ದಕ್ಕೂ ಸರಿಸುವ ವಿಧಾನ.

ಬೇಕಾಗುವ ಸಾಮಾನು

ಎಕ್ಸ್-ವೈ ಮೋಡ್ ಇರುವ ಹಳೆಯ ಕ್ಯಾಥೋಡ್ ರೇ ಆಸಿಲೋಸ್ಕೋಪ್ ಸಿಕ್ಕರೆ ಅದೇ ಚೆನ್ನ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬಿನಲ್ಲಿ ಕಾಣುವ 20 ಮೆಗಾಹರ್ಟ್ಸ್ ಸ್ಕೋಪ್ ಧಾರಾಳವಾಯಿತು. ಐಸಿಗಳು: ಟಿಎಲ್074 (ಒಂದರೊಳಗೆ ನಾಲ್ಕು ಆಪ್‌ಆಂಪ್) ಎರಡು, ಸಿಡಿ4052 (ಸ್ವಿಚ್ಚುಗಳ ಐಸಿ) ಒಂದು, ಸಿಡಿ4060 ಒಂದು, ರೆಗ್ಯುಲೇಟರ್ 7808 ಮತ್ತು 7908 ಒಂದೊಂದು. 12 ವೋಲ್ಟ್ ಡಿಸಿ ಅಡಾಪ್ಟರ್ ಎರಡು. 12 ವೋಲ್ಟಿನ ಎರಡು ಜೋಡಿ ಚೇಂಜ್‌ಓವರ್ ಕಾಂಟ್ಯಾಕ್ಟ್ ಇರುವ ರಿಲೇ (ಕಾಯಿಲ್‌ಗೆ ಕರೆಂಟು ಕೊಟ್ಟಾಗ ನಡುಕಾಲನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಬದಲಿಸುವ ಸ್ವಿಚ್) ಒಂದು, ಅದನ್ನು ಓಡಿಸಲು ಬಿಸಿ547 ಟ್ರಾನ್ಸಿಸ್ಟರ್. ಹಾಗೆಯೇ ಎರಡು ಜೋಡಿ ಚೇಂಜ್‌ಓವರ್ ಕಾಂಟ್ಯಾಕ್ಟ್ ಇರುವ, ಒತ್ತಿದಾಗ ಮಾತ್ರ ಕೆಲಸ ಮಾಡುವ ಪುಶ್ ಬಟನ್ ಎರಡು. 10 ಕಿಲೋಓಮ್ ಪಾಟ್ (ಗುಂಡಿ ತಿರುಗಿಸಿ ಬೆಲೆ ಬದಲಿಸುವ ರೆಸಿಸ್ಟರ್) ಮೂರು, ಕೆಂಪು ಎಲ್‌ಇಡಿ ಆರು, 1ಎನ್4148 ಡಯೋಡ್, ರಿಲೇಗೆ 1ಎನ್4007 ಡಯೋಡ್, ರೆಸಿಸ್ಟರ್‌ಗಳು, ಫಿಲ್ಮ್ ಕೆಪಾಸಿಟರ್‌ಗಳು. ಬೆಂಗಳೂರಿನವರಿಗೆ ಎಸ್‌.ಪಿ. ರೋಡಿನಲ್ಲಿ ಒಂದು ಸುತ್ತು ಹಾಕಿದರೆ ಇವೆಲ್ಲ ಸಿಗುತ್ತವೆ.

ಎರಡು ವಿಷಯದಲ್ಲಿ ಉಳಿತಾಯ ಮಾಡಬೇಡಿ. ಟಿಎಲ್074 ಬದಲು ಎಲ್‌ಎಂ324 ಹಾಕಬೇಡಿ. ಕಾಲುಗಳ ಜೋಡಣೆ ಒಂದೇ ಆದರೂ ಎಲ್‌ಎಂ324ರ ಇನ್‌ಪುಟ್ ಎಳೆಯುವ ಕರೆಂಟು ಹೆಚ್ಚು. 1 ಮೆಗಾಓಮ್ ರೆಸಿಸ್ಟರಿನಲ್ಲಿ ಅದು ಹತ್ತಾರು ಮಿಲಿವೋಲ್ಟಿನ ತಪ್ಪು ತರುತ್ತದೆ, ಚೆಂಡು ತಾನೇ ತಾನಾಗಿ ತೇಲಿ ಹೋಗುತ್ತದೆ. ಇಂಟಿಗ್ರೇಟರಿನ ಕೆಪಾಸಿಟರುಗಳು ಫಿಲ್ಮ್ ಜಾತಿಯವೇ ಆಗಿರಲಿ. ಇಲ್ಲಿ ವೋಲ್ಟೇಜು ಪ್ಲಸ್‌ಗೂ ಮೈನಸ್‌ಗೂ ಓಡಾಡುವುದರಿಂದ ಎಲೆಕ್ಟ್ರೋಲಿಟಿಕ್ ಹಾಕುವಂತೆಯೇ ಇಲ್ಲ.

ಸ್ಕೋಪಿನ ಕವಚವನ್ನು ಯಾವ ಕಾರಣಕ್ಕೂ ಬಿಚ್ಚಬೇಡಿ. ಕ್ಯಾಥೋಡ್ ರೇ ಟ್ಯೂಬಿಗೆ ಸಾವಿರಾರು ವೋಲ್ಟ್ ಬೇಕು, ಪ್ಲಗ್ ಕಿತ್ತ ಮೇಲೂ ಅದು ಒಳಗೆ ಉಳಿದಿರಬಹುದು. ನಮ್ಮ ಕೆಲಸವೆಲ್ಲ ಹೊರಗಿನ ಎರಡು ಸಾಕೆಟ್‌ಗಳಲ್ಲೇ ಮುಗಿಯುತ್ತದೆ.

ಹಂತ 1: ವಿದ್ಯುತ್ ಪೂರೈಕೆ

ಒಂದು ಅಡಾಪ್ಟರಿನ ಮೈನಸ್ಸನ್ನು ಇನ್ನೊಂದರ ಪ್ಲಸ್ಸಿಗೆ ಸೇರಿಸಿ. ಆ ಸೇರುವ ಜಾಗವೇ ಗ್ರೌಂಡ್. ಉಳಿದ ಎರಡು ತುದಿಗಳು +12 ಮತ್ತು -12. ಅವನ್ನು 7808, 7908ಗಳ ಮೂಲಕ +8, -8 ವೋಲ್ಟ್ ಮಾಡಿ. ಪ್ರತಿ ರೆಗ್ಯುಲೇಟರಿನ ಎರಡೂ ಬದಿಗೆ ಗ್ರೌಂಡಿಗೆ 10 ಮೈಕ್ರೋಫ್ಯಾರಡ್, ಪ್ರತಿ ಐಸಿಯ ಪವರ್ ಕಾಲುಗಳ ಪಕ್ಕದಲ್ಲೇ 100 ನ್ಯಾನೋಫ್ಯಾರಡ್ ಇರಲಿ.

ಹೆಚ್ಚಿನವರು ಎಡವುವುದು ಇಲ್ಲೇ. 7808ರ ಕಾಲುಗಳು ಎಡದಿಂದ ಇನ್‌ಪುಟ್, ಗ್ರೌಂಡ್, ಔಟ್‌ಪುಟ್. 7908ರದ್ದು ಗ್ರೌಂಡ್, ಇನ್‌ಪುಟ್, ಔಟ್‌ಪುಟ್. ಐಸಿ ಕೂರಿಸುವ ಮುಂಚೆ ಮಲ್ಟಿಮೀಟರಿನಲ್ಲಿ ಎರಡೂ ಬದಿ ಅಳೆಯಿರಿ. ಟಿಎಲ್074ಗೆ 4ನೇ ಕಾಲು ಪ್ಲಸ್, 11ನೇ ಕಾಲು ಮೈನಸ್.

12 ವೋಲ್ಟನ್ನೇ ನೇರ ಕೊಡಬಾರದೇಕೆ? ಟಿಎಲ್074 ತಡೆದುಕೊಳ್ಳುತ್ತದೆ, ಆದರೆ ಸಿಡಿ4052ಗೆ 24 ವೋಲ್ಟ್ ಸಿಕ್ಕರೆ ಸುಟ್ಟುಹೋಗುತ್ತದೆ. 16 ವೋಲ್ಟಿಗೆ ಅದಕ್ಕೆ ಅಪಾಯವಿಲ್ಲ.

ಹಂತ 2: ಪುಟಿಯುವ ಚೆಂಡು

ಇಡೀ ಆಟದ ಜೀವ ಇರುವುದು ಈ ಹಂತದಲ್ಲಿ. ಅವಸರ ಮಾಡಬೇಡಿ.

ಮೊದಲ ಟಿಎಲ್074ರ ನಾಲ್ಕು ಆಪ್‌ಆಂಪ್‌ಗಳಿಗೆ 1, 2, 3, 4 ಎಂದು ಹೆಸರಿಡಿ. 1 ಮತ್ತು 2ನ್ನು ಇಂಟಿಗ್ರೇಟರ್ ಮಾಡಿ. ಎರಡಕ್ಕೂ ಇನ್‌ಪುಟ್ ರೆಸಿಸ್ಟರ್ 1 ಮೆಗಾಓಮ್, ಕೆಪಾಸಿಟರ್ 100 ನ್ಯಾನೋಫ್ಯಾರಡ್. 1ರ ಔಟ್‌ಪುಟ್ 2ರ ಇನ್‌ಪುಟ್ಟಿಗೆ ಹೋಗಲಿ. 1ರ ಔಟ್‌ಪುಟ್ ಚೆಂಡಿನ ಮೇಲೆ-ಕೆಳಗಿನ ವೇಗ (ಚಿಹ್ನೆ ತಿರುಗಿರುತ್ತದೆ), 2ರದ್ದು ಎತ್ತರ.

ಗುರುತ್ವ: -8 ವೋಲ್ಟಿನಿಂದ 47 ಕಿಲೋಓಮ್, ಅಲ್ಲಿಂದ 10 ಕಿಲೋಓಮ್ ಪಾಟ್, ಪಾಟಿನ ಇನ್ನೊಂದು ತುದಿ ಗ್ರೌಂಡಿಗೆ. ಪಾಟಿನ ನಡುಗಾಲು 1ರ 1 ಮೆಗಾಓಮ್ ರೆಸಿಸ್ಟರಿಗೆ. ನಡುಗಾಲಿನಲ್ಲಿ -0.32 ವೋಲ್ಟ್ ಬರುವಂತೆ ತಿರುಗಿಸಿ. ನಾಲ್ಕು ವೋಲ್ಟ್ ಎತ್ತರದಿಂದ ಚೆಂಡು ಬೀಳಲು ಆಗ ಸುಮಾರು ಅರ್ಧ ಸೆಕೆಂಡ್ ಹಿಡಿಯುತ್ತದೆ, ಕಣ್ಣಿಗೆ ಹಿತವಾದ ವೇಗ.

ನೆಲ: 3ನ್ನು ಎರಡು 100 ಕಿಲೋಓಮ್ ರೆಸಿಸ್ಟರ್ ಹಾಕಿ ಎತ್ತರದ ಚಿಹ್ನೆ ತಿರುಗಿಸುವ ಇನ್ವರ್ಟರ್ ಮಾಡಿ. ಅದರ ಔಟ್‌ಪುಟ್ಟಿನಿಂದ 1ಎನ್4148 ಡಯೋಡ್ (ಪಟ್ಟಿಯಿಲ್ಲದ ತುದಿ ಔಟ್‌ಪುಟ್ಟಿಗೆ), ಅದರ ಪಟ್ಟಿ ಇರುವ ತುದಿಯಿಂದ 10 ಕಿಲೋಓಮ್ ಮೂಲಕ 1ರ ಕೂಡುಬಿಂದುವಿಗೆ. ಚೆಂಡು ಸೊನ್ನೆಗಿಂತ ಸುಮಾರು ಅರ್ಧ ವೋಲ್ಟ್ ಕೆಳಗಿಳಿದ ಕೂಡಲೇ ಡಯೋಡ್ ತೆರೆದುಕೊಂಡು ಜೋರಾಗಿ ಮೇಲಕ್ಕೆ ತಳ್ಳುತ್ತದೆ. ನೆಲವೆಂದರೆ ಇಷ್ಟೇ, ಗಟ್ಟಿ ಸ್ಪ್ರಿಂಗ್ ಇದ್ದ ಹಾಗೆ.

ಗಾಳಿಯ ತಡೆ: 1ರ ಕೆಪಾಸಿಟರಿಗೆ ಸಮಾನಾಂತರವಾಗಿ 10 ಮೆಗಾಓಮ್. ಇದರಿಂದ ಪ್ರತಿ ಪುಟಿತದಲ್ಲಿ ಚೆಂಡು ಹಿಂದಿನ ಎತ್ತರದ ಸುಮಾರು ಅರ್ಧಕ್ಕೆ ಏಳುತ್ತದೆ.

ಈಗ ಪರೀಕ್ಷೆ. ಸ್ಕೋಪನ್ನು ಮಾಮೂಲಿ ಸಮಯದ ಮೋಡಿನಲ್ಲಿಟ್ಟು, ಡಿವಿಷನ್‌ಗೆ ಅರ್ಧ ಸೆಕೆಂಡ್, 1 ವೋಲ್ಟ್ ಮಾಡಿ, 2ರ ಔಟ್‌ಪುಟ್ ನೋಡಿ. ಇನ್ನೊಂದು 100 ನ್ಯಾನೋಫ್ಯಾರಡ್ ಕೆಪಾಸಿಟರಿನ ಒಂದು ಕಾಲನ್ನು ಗ್ರೌಂಡಿಗಿಟ್ಟು, ಇನ್ನೊಂದನ್ನು ಸುಮಾರು 2 ವೋಲ್ಟಿಗೆ ಮುಟ್ಟಿಸಿ, ನಂತರ 1 ಕಿಲೋಓಮ್ ಮೂಲಕ 1ರ ಕೂಡುಬಿಂದುವಿಗೆ ಮುಟ್ಟಿಸಿ. ಹಸಿರು ಬಿಂದು ಮೇಲೆದ್ದು, ಬಾಗಿ ಇಳಿದು, ನೆಲ ಮುಟ್ಟಿ ಮತ್ತೆ ಏಳುತ್ತದೆ. ಕಮಾನಿನ ಪಕ್ಕ ಕಮಾನು, ಒಂದಕ್ಕಿಂತ ಒಂದು ಚಿಕ್ಕದು. ಕಾಲೇಜಿನಲ್ಲಿ ಹಾಳೆಯ ಮೇಲೆ ಬಿಡಿಸಿದ ಪ್ಯಾರಾಬೋಲಾವನ್ನು ಒಂದೆರಡು ಕೆಪಾಸಿಟರುಗಳು ತಾವಾಗಿಯೇ ಬರೆಯುವುದನ್ನು ನೋಡುವ ಸಂತೋಷವೇ ಬೇರೆ.

ಬಿಂದು ಮೇಲೋ ಕೆಳಗೋ ಹೋಗಿ ಅಂಟಿಕೊಂಡರೆ ಡಯೋಡ್ ತಿರುಗಾಮುರುಗಾ ಆಗಿದೆ, ಇಲ್ಲವೇ ಗುರುತ್ವವನ್ನು +8ರಿಂದ ತೆಗೆದುಕೊಂಡಿದ್ದೀರಿ. ಚೆಂಡಿನ ಬದಲು ದಪ್ಪ ಗೆರೆ ನಡುಗುತ್ತಿದ್ದರೆ ಮನೆಯ 50 ಹರ್ಟ್ಸ್ ಸದ್ದು ಕೂಡುಬಿಂದುವಿಗೆ ನುಗ್ಗುತ್ತಿದೆ. ಅಲ್ಲಿನ ತಂತಿಗಳನ್ನು ಆದಷ್ಟು ಗಿಡ್ಡ ಮಾಡಿ.

ಹಂತ 3: ಅಡ್ಡ ಓಟ

ಚೆಂಡು ಎಡಕ್ಕೆ ಇಲ್ಲವೇ ಬಲಕ್ಕೆ ಒಂದೇ ವೇಗದಲ್ಲಿ ಓಡಿದರೆ ಸಾಕು. ಎರಡನೇ ಟಿಎಲ್074ರ ಮೊದಲ ಆಪ್‌ಆಂಪ್ (5) ದಿಕ್ಕನ್ನು ನೆನಪಿಟ್ಟುಕೊಳ್ಳುತ್ತದೆ. ಅದರ ಮೈನಸ್ ಇನ್‌ಪುಟ್ ಗ್ರೌಂಡಿಗೆ, ಔಟ್‌ಪುಟ್ಟಿನಿಂದ ಪ್ಲಸ್ ಇನ್‌ಪುಟ್ಟಿಗೆ 100 ಕಿಲೋಓಮ್. ಒಮ್ಮೆ ಯಾವ ಕಡೆ ವಾಲಿತೋ ಅಲ್ಲೇ ನಿಲ್ಲುತ್ತದೆ. 10 ಕಿಲೋಓಮ್ ಮೂಲಕ ಪ್ಲಸ್ ಇನ್‌ಪುಟ್ಟಿಗೆ +8 ಅಥವಾ -8 ಮುಟ್ಟಿಸಿದರೆ ಕಡೆ ಬದಲಿಸುತ್ತದೆ.

ಇದರ ಔಟ್‌ಪುಟ್ 1.2 ಮೆಗಾಓಮ್ ಮೂಲಕ ಆಪ್‌ಆಂಪ್ 4ಕ್ಕೆ. ಅದೂ ಇಂಟಿಗ್ರೇಟರ್, ಕೆಪಾಸಿಟರ್ 1 ಮೈಕ್ರೋಫ್ಯಾರಡ್. ಅಂಕಣದ ಆ ತುದಿಯಿಂದ ಈ ತುದಿಗೆ ಚೆಂಡಿಗೆ ಸುಮಾರು ಒಂದೂಮುಕ್ಕಾಲು ಸೆಕೆಂಡ್ ಬೇಕು.

ತುದಿ ತಲುಪಿದ ಚೆಂಡು ಅಲ್ಲೇ ನಿಲ್ಲಬೇಕಲ್ಲ? ಆ 1 ಮೈಕ್ರೋಫ್ಯಾರಡಿಗೆ ಸಮಾನಾಂತರವಾಗಿ ಮೂರು ಕೆಂಪು ಎಲ್‌ಇಡಿಗಳ ಸರಣಿಯನ್ನು ಒಂದು ದಿಕ್ಕಿಗೆ, ಇನ್ನು ಮೂರರ ಸರಣಿಯನ್ನು ಎದುರು ದಿಕ್ಕಿಗೆ ಹಾಕಿ. ಇಷ್ಟು ಕಡಿಮೆ ಕರೆಂಟಿನಲ್ಲಿ ಒಂದೊಂದು ಎಲ್‌ಇಡಿ ಸುಮಾರು 1.5 ವೋಲ್ಟ್ ಹಿಡಿಯುತ್ತದೆ, ಆದ್ದರಿಂದ ಚೆಂಡು 4.5 ವೋಲ್ಟಿನ ಸುತ್ತಮುತ್ತ ನಿಂತುಬಿಡುತ್ತದೆ. ಝೀನರ್ ಡಯೋಡ್ ಹಾಕೋಣ ಎನಿಸಬಹುದು. ಆದರೆ 4 ವೋಲ್ಟ್ ಆಸುಪಾಸಿನ ಝೀನರ್‌ಗಳು ಮೈಕ್ರೋಆಂಪ್ ಮಟ್ಟದಲ್ಲಿ ತಮ್ಮ ಬೆಲೆಗಿಂತ ಬಹಳ ಮುಂಚೆಯೇ ಸೋರತೊಡಗುತ್ತವೆ, ಚೆಂಡು ಅಂಕಣದ ಮಧ್ಯದಲ್ಲೇ ನಿಧಾನವಾಗುತ್ತದೆ.

ಹಂತ 4: ಹೊಡೆತ ಮತ್ತು ರಿಲೇ

ಮೂಲ ಆಟದಲ್ಲಿ ಪ್ರತಿ ಆಟಗಾರನ ಕೈಯಲ್ಲಿ ಒಂದು ಅಲ್ಯೂಮಿನಿಯಂ ಡಬ್ಬಿ, ಅದರಲ್ಲಿ ಕೋನಕ್ಕೆ ಒಂದು ತಿರುಗುಗುಂಡಿ, ಹೊಡೆಯಲು ಒಂದು ಬಟನ್. ನೀವೂ ಹಾಗೇ ಮಾಡಿ. +8ರಿಂದ 27 ಕಿಲೋಓಮ್, ನಂತರ 10 ಕಿಲೋಓಮ್ ಪಾಟ್, ಗ್ರೌಂಡ್. ಬಟನ್ನಿನ ಮೊದಲ ಜೋಡಿಯ ನಡುಕಾಲಿಗೆ 100 ನ್ಯಾನೋಫ್ಯಾರಡ್ ಕೆಪಾಸಿಟರ್ (ಇನ್ನೊಂದು ಕಾಲು ಗ್ರೌಂಡಿಗೆ). ಬಟನ್ ಒತ್ತದಿರುವಾಗ ಕೆಪಾಸಿಟರ್ 1 ಕಿಲೋಓಮ್ ಮೂಲಕ ಪಾಟಿನ ನಡುಗಾಲಿಗೆ ಸೇರಿ ತುಂಬಿಕೊಂಡಿರುತ್ತದೆ. ಒತ್ತಿದಾಗ ಅದು ರಿಲೇಯ ಕಡೆ ತಿರುಗುತ್ತದೆ. ಬಟನ್ ಒತ್ತಿ ಹಿಡಿದರೂ ಹೊಡೆತ ಒಂದೇ, ಏಕೆಂದರೆ ಕೆಪಾಸಿಟರ್ ಒಮ್ಮೆ ಖಾಲಿಯಾದರೆ ಮುಗಿಯಿತು.

ಎರಡನೇ ಜೋಡಿ ದಿಕ್ಕಿಗೆ. ಆಪ್‌ಆಂಪ್ 4 ಚಿಹ್ನೆ ತಿರುಗಿಸುವುದರಿಂದ ಎಡಗಡೆಯವರ ಬಟನ್ -8 ಕೊಡಬೇಕು (ಚೆಂಡು ಬಲಕ್ಕೆ), ಬಲಗಡೆಯವರದ್ದು +8. ಇದು ಅದಲುಬದಲಾದರೆ ಚೆಂಡು ಹೊಡೆದವರ ಹಿಂದಕ್ಕೇ ಓಡುತ್ತದೆ.

ಚೆಂಡು ಯಾರ ಅಂಕಣದಲ್ಲಿದೆಯೋ ಅವರ ಬಟನ್ ಮಾತ್ರ ಕೆಲಸ ಮಾಡಬೇಕು. ಡಾನರ್ ಯಂತ್ರದ ಹತ್ತು ಆಪ್‌ಆಂಪ್‌ಗಳಲ್ಲಿ ನಾಲ್ಕು ಚೆಂಡಿನ ಚಲನೆಗೆ ಹೋಗಿದ್ದವು. ಉಳಿದ ಆರು ಚೆಂಡು ನೆಲಕ್ಕೋ ನೆಟ್ಟಿಗೋ ತಾಗಿದ್ದನ್ನು ಗುರುತಿಸುವ, ಆಟದ ಹಕ್ಕನ್ನು ಒಬ್ಬರಿಂದ ಇನ್ನೊಬ್ಬರಿಗೆ ದಾಟಿಸುವ ಕೆಲಸದಲ್ಲಿದ್ದವು. ನಮಗೆ ಒಂದೇ ಸಾಕು. ಆಪ್‌ಆಂಪ್ 6ರ ಪ್ಲಸ್ ಇನ್‌ಪುಟ್ಟಿಗೆ 4ರ ಔಟ್‌ಪುಟ್ 10 ಕಿಲೋಓಮ್ ಮೂಲಕ, ಮೈನಸ್ ಗ್ರೌಂಡಿಗೆ, ಔಟ್‌ಪುಟ್ಟಿನಿಂದ ಪ್ಲಸ್ಸಿಗೆ 1 ಮೆಗಾಓಮ್. ಚೆಂಡು ಬಲಕ್ಕೆ ಬಂದರೆ ಔಟ್‌ಪುಟ್ ಪ್ಲಸ್ ಆಗುತ್ತದೆ. ಅದನ್ನು 10 ಕಿಲೋಓಮ್ ಮೂಲಕ ಬಿಸಿ547ರ ಬೇಸಿಗೆ ಕೊಡಿ, ಎಮಿಟರ್ ಗ್ರೌಂಡಿಗೆ, ಕಲೆಕ್ಟರ್ ಮತ್ತು +12ರ ನಡುವೆ ರಿಲೇ ಕಾಯಿಲ್. ಕಾಯಿಲ್‌ಗೆ ಅಡ್ಡಲಾಗಿ 1ಎನ್4007, ಪಟ್ಟಿ +12ರ ಕಡೆಗೆ. ಬೇಸಿನಿಂದ ಗ್ರೌಂಡಿಗೆ ಒಂದು 1ಎನ್4148, ಪಟ್ಟಿ ಬೇಸಿನ ಕಡೆಗೆ. ಇಲ್ಲದಿದ್ದರೆ ಔಟ್‌ಪುಟ್ ಮೈನಸ್ಸಿಗೆ ಹೋದಾಗ ಟ್ರಾನ್ಸಿಸ್ಟರಿಗೆ ಪೆಟ್ಟು.

ರಿಲೇಯ ಒಂದು ನಡುಕಾಲು 1 ಕಿಲೋಓಮ್ ಮೂಲಕ ಆಪ್‌ಆಂಪ್ 1ರ ಕೂಡುಬಿಂದುವಿಗೆ, ಇನ್ನೊಂದು 10 ಕಿಲೋಓಮ್ ಮೂಲಕ 5ರ ಪ್ಲಸ್ ಇನ್‌ಪುಟ್ಟಿಗೆ. ರಿಲೇ ಬಿಟ್ಟಾಗ ಸೇರುವ ಕಾಲುಗಳು ಎಡಗಡೆಯವರ ಬಟನ್ನಿಗೆ, ಎಳೆದಾಗ ಸೇರುವವು ಬಲಗಡೆಯವರದಕ್ಕೆ. ಡಬ್ಬಿಗಳಿಗೆ ಹೋಗುವ ತಂತಿ ಶೀಲ್ಡ್ ಇರುವ ಕೇಬಲ್ ಆಗಿರಲಿ, ಶೀಲ್ಡ್ ಗ್ರೌಂಡಿಗೆ. ಚೆಂಡು ನೆಟ್ ದಾಟಿದಾಗಲೆಲ್ಲ ರಿಲೇ 'ಟಕ್' ಎನ್ನುತ್ತದೆ. ಆ ಸದ್ದಿಗಾಗಿಯೇ ಇಲ್ಲಿ ರಿಲೇ ಬಿಟ್ಟು ಅನಲಾಗ್ ಸ್ವಿಚ್ ಐಸಿ ಹಾಕಲು ನನಗೆ ಮನಸ್ಸಾಗಲಿಲ್ಲ.

ಹಂತ 5: ಅಂಕಣ ಮತ್ತು ನೆಟ್

ಸ್ಕೋಪಿನಲ್ಲಿ ಇರುವುದು ಒಂದೇ ಬಿಂದು. ಅದೇ ಚೆಂಡಾಗಬೇಕು, ನೆಲವಾಗಬೇಕು, ನೆಟ್ಟಾಗಬೇಕು. ಹಿಗಿನ್‌ಬೋಥಮ್ ಆಗಷ್ಟೇ ಬಳಕೆಗೆ ಬರುತ್ತಿದ್ದ ಟ್ರಾನ್ಸಿಸ್ಟರುಗಳಿಂದ ವೇಗದ ಸ್ವಿಚ್ ಮಾಡಿ, ಸೆಕೆಂಡಿಗೆ 36 ಬಾರಿ ಇವನ್ನು ಸರದಿಯಂತೆ ಬರೆಸಿದರು. ನಮಗೆ ಆ ಕೆಲಸವನ್ನು ಸಿಡಿ4052 ಮಾಡಿಕೊಡುತ್ತದೆ. ಅದರೊಳಗೆ ನಾಲ್ಕು ದಾರಿಯ ಸ್ವಿಚ್ಚುಗಳು ಎರಡಿವೆ, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ.

ಆಪ್‌ಆಂಪ್ 7, 8ರಿಂದ ತ್ರಿಕೋನ ಅಲೆ ಮಾಡಿ. 7 ಕಂಪೇರೇಟರ್, ಅಂದರೆ ಎರಡು ಇನ್‌ಪುಟ್‌ಗಳಲ್ಲಿ ಯಾವುದು ಹೆಚ್ಚೆಂದು ನೋಡಿ ಔಟ್‌ಪುಟ್ಟನ್ನು ಪೂರ್ತಿ ಪ್ಲಸ್ ಇಲ್ಲವೇ ಪೂರ್ತಿ ಮೈನಸ್ ಮಾಡುವ ಭಾಗ: ಮೈನಸ್ ಇನ್‌ಪುಟ್ ಗ್ರೌಂಡಿಗೆ, ಪ್ಲಸ್ಸಿಗೆ ತನ್ನ ಔಟ್‌ಪುಟ್ಟಿನಿಂದ 100 ಕಿಲೋಓಮ್, 8ರ ಔಟ್‌ಪುಟ್ಟಿನಿಂದ 68 ಕಿಲೋಓಮ್. 8 ಇಂಟಿಗ್ರೇಟರ್: 7ರ ಔಟ್‌ಪುಟ್ಟಿನಿಂದ 12 ಕಿಲೋಓಮ್, ಕೆಪಾಸಿಟರ್ 10 ನ್ಯಾನೋಫ್ಯಾರಡ್. ಸುಮಾರು 3 ಕಿಲೋಹರ್ಟ್ಸ್, ±4.4 ವೋಲ್ಟಿನ ಅಲೆ ಬರುತ್ತದೆ.

ಸಿಡಿ4052ರ ಜೋಡಣೆ ಹೀಗೆ:

ದಾರಿ 0 ಮತ್ತು 3, ಚೆಂಡು: 12, 11ನೇ ಕಾಲಿಗೆ ಆಪ್‌ಆಂಪ್ 4, 1, 4ನೇ ಕಾಲಿಗೆ ಆಪ್‌ಆಂಪ್ 2.
ದಾರಿ 1, ನೆಲ: 14ನೇ ಕಾಲಿಗೆ ತ್ರಿಕೋನ ಅಲೆ, 5ನೇ ಕಾಲಿಗೆ -8ರಿಂದ 100 ಕಿಲೋಓಮ್ ಮತ್ತು 10 ಕಿಲೋಓಮ್ ಹಂಚಿಕೆಯ ಮೂಲಕ ಸುಮಾರು -0.7 ವೋಲ್ಟ್.
ದಾರಿ 2, ನೆಟ್: 15ನೇ ಕಾಲು ಗ್ರೌಂಡಿಗೆ, 2ನೇ ಕಾಲಿಗೆ 47 ಕಿಲೋಓಮ್ ಮತ್ತು 10 ಕಿಲೋಓಮ್ ಹಂಚಿಕೆಯಿಂದ ಚಿಕ್ಕದಾದ ತ್ರಿಕೋನ ಅಲೆ.

16ನೇ ಕಾಲು +8ಕ್ಕೆ. 6, 7, 8 ಮೂರೂ -8ಕ್ಕೆ; 8ನೆಯದನ್ನು ಅಭ್ಯಾಸಬಲದಿಂದ ಗ್ರೌಂಡಿಗೆ ಕಟ್ಟಬೇಡಿ. 13ನೇ ಕಾಲು ಸ್ಕೋಪಿನ ಎಕ್ಸ್‌ಗೆ, 3ನೆಯದು ವೈಗೆ.

ಸರದಿ ತಿರುಗಿಸಲು ಸಿಡಿ4060: 16 +8ಕ್ಕೆ, 8 ಮತ್ತು 12 -8ಕ್ಕೆ. 10ನೇ ಕಾಲಿಗೆ 22 ಕಿಲೋಓಮ್, 9ನೇ ಕಾಲಿಗೆ 4.7 ನ್ಯಾನೋಫ್ಯಾರಡ್, 11ನೇ ಕಾಲಿಗೆ 220 ಕಿಲೋಓಮ್, ಮೂರರ ಇನ್ನೊಂದು ತುದಿಗಳನ್ನು ಒಟ್ಟಿಗೆ ಸೇರಿಸಿ. ಇದರ 7ನೇ ಕಾಲು 4052ರ 10ಕ್ಕೆ, 5ನೇ ಕಾಲು 9ಕ್ಕೆ. ಇಡೀ ಚಿತ್ರ ಸೆಕೆಂಡಿಗೆ ಸುಮಾರು 130 ಬಾರಿ ಮೂಡುತ್ತದೆ, ಮಿನುಗು ಕಾಣುವುದಿಲ್ಲ.

ಹಂತ 6: ಪರದೆ ಹೊಂದಿಸುವುದು

ಹೊಳಪನ್ನು ಪೂರ್ತಿ ಇಳಿಸಿದ ಮೇಲೆಯೇ ಎಕ್ಸ್-ವೈ ಮೋಡಿಗೆ ಬನ್ನಿ, ನಂತರ ನಿಧಾನಕ್ಕೆ ಏರಿಸಿ. ಒಂದೇ ಜಾಗದಲ್ಲಿ ನಿಂತ ಪ್ರಖರ ಬಿಂದು ಪರದೆಯ ಒಳಬದಿಯ ಹೊಳೆಯುವ ಲೇಪವಾದ ಫಾಸ್ಫರನ್ನು ಸುಟ್ಟು ಕಲೆ ಮಾಡುತ್ತದೆ, ಆ ಕಲೆ ಹೋಗುವುದಿಲ್ಲ. ಆಟ ನಿಲ್ಲಿಸಿ ಎದ್ದು ಹೋಗುವಾಗಲೂ ಹೊಳಪು ಇಳಿಸಿ.

ಎರಡೂ ಚಾನೆಲ್ ಡಿವಿಷನ್‌ಗೆ 1 ವೋಲ್ಟ್, ಎರಡೂ ಡಿಸಿ ಕಪ್ಲಿಂಗ್. ಎಸಿಯಲ್ಲಿಟ್ಟರೆ ಚೆಂಡು ಎಲ್ಲಿದ್ದರೂ ಮೆಲ್ಲಗೆ ನಡುವಿಗೆ ಜಾರುತ್ತದೆ. ವೈ ಪೊಸಿಷನ್ ತಿರುಗಿಸಿ ನೆಲವನ್ನು ಪರದೆಯ ಕೆಳಭಾಗಕ್ಕೆ ತನ್ನಿ. ಚೆಂಡು ಗೆರೆಗಿಂತ ಮೇಲೆಯೋ ಕೆಳಗೋ ಪುಟಿದರೆ ಸಿಡಿ4052ರ 5ನೇ ಕಾಲಿಗೆ ಹೋಗುವ ನೆಲದ ಹಂಚಿಕೆಯ 10 ಕಿಲೋಓಮ್ ಬದಲು ಪ್ರೀಸೆಟ್ (ಸ್ಕ್ರೂಡ್ರೈವರಿನಿಂದ ತಿರುಗಿಸುವ ಚಿಕ್ಕ ಪಾಟ್) ಹಾಕಿ ಸರಿಮಾಡಿ. ಡಿಜಿಟಲ್ ಸ್ಕೋಪ್ ಇರುವವರು ಡಾಟ್ಸ್ ಮೋಡ್ ಆರಿಸಿ, ಟೈಮ್‌ಬೇಸನ್ನು ಡಿವಿಷನ್‌ಗೆ 2ರಿಂದ 5 ಮಿಲಿಸೆಕೆಂಡ್ ನಡುವೆ ಇಟ್ಟು ನೋಡಿ.

ಸರ್ವ್ ಮಾಡಲು ಬೇರೆ ಗುಂಡಿ ಬೇಡ. ತುದಿಯಲ್ಲಿ ನಿಂತ ಚೆಂಡನ್ನು ಆ ಕಡೆಯವರು ಹೊಡೆದರೆ ಅದೇ ಸರ್ವ್. ಅಂಕ ಎಣಿಸುವ ವ್ಯವಸ್ಥೆ ಮೂಲ ಆಟದಲ್ಲೂ ಇರಲಿಲ್ಲ. ನಮ್ಮ ಸರ್ಕ್ಯೂಟಿನಲ್ಲಿ ಚೆಂಡು ನೆಟ್ಟಿಗೆ ತಾಗಿದರೂ ದಾಟಿಹೋಗುತ್ತದೆ, ಅದನ್ನು ಕಣ್ಣಿನಲ್ಲೇ ನೋಡಿ ತಪ್ಪೆಂದು ಒಪ್ಪಿಕೊಂಡು ಆಡಿ. ಮೊದಲು ಇಷ್ಟನ್ನು ಚೆನ್ನಾಗಿ ಓಡಿಸಿ, ಆಮೇಲೆ ಇನ್ನೊಂದು ಟಿಎಲ್074 ಹಾಕಿ ನೆಟ್ ತಡೆಯನ್ನು ಸೇರಿಸಬಹುದು.

ಗುರುತ್ವ ಬದಲಿಸಿ ಆಡುವುದು

1959ರ ಆವೃತ್ತಿಯಲ್ಲಿ ಚಂದ್ರನ ಮತ್ತು ಗುರು ಗ್ರಹದ ಗುರುತ್ವದಲ್ಲೂ ಆಡುವ ಸೌಲಭ್ಯ ಇತ್ತು. ನಿಮ್ಮ ಪಾಟಿನಲ್ಲಿ ಅದು ಆಗಲೇ ಇದೆ. ಭೂಮಿಗೆ -0.32 ವೋಲ್ಟ್ ಇಟ್ಟಿದ್ದರೆ ಚಂದ್ರನಿಗೆ ಅದರ ಆರನೇ ಒಂದು ಭಾಗ, -0.05. ಗುರುವಿಗೆ ಎರಡೂವರೆ ಪಟ್ಟು, -0.80. ಪಾಟಿನ ಸುತ್ತ ಕಾಗದ ಅಂಟಿಸಿ, ಮಲ್ಟಿಮೀಟರಿನಲ್ಲಿ ಅಳೆದು ಮೂರು ಗುರುತು ಹಾಕಿಕೊಳ್ಳಿ. ಚಂದ್ರನ ಗುರುತಿಗೆ ಬಂದಾಗ ಹೊಡೆತದ ಪಾಟನ್ನು ಕಾಲು ಭಾಗಕ್ಕೆ ಇಳಿಸಿಕೊಳ್ಳಿ, ಇಲ್ಲದಿದ್ದರೆ ಚೆಂಡು ಪರದೆಯ ಮೇಲಂಚು ದಾಟಿ ಹೋಗಿ, ಇಳಿದು ಬರಲು ಬಹಳ ಹೊತ್ತು ಕಾಯಬೇಕಾಗುತ್ತದೆ.